ಓಗೊಟ್ಟ ಮನೆಗೆ ನೀರು

ನಡುವೆ ಕೊರಕಲು, ಅಕ್ಕನ ಎರಡೂ ಕೈಯಲ್ಲಿ ದೋಣಿ. ಇಂಥ ಹೊತ್ತು ನೋಡಿಯೇ ತಮ್ಮ ಆ ಮಾತು ತೆಗೆದ.

"ಅಕ್ಕಾ, ನಾವು ಕೆಳಗೆ ಹೋಗ್ತಿದ್ದೀವಿ."

"ಯಾಕೆ, ಉಪ್ಪು ಮುಗೀತಾ?"

"ಸಾಮಾನಿಗಲ್ಲ. ಇರೋಕೆ."

ದೋಣಿ ಎಂದರೆ ಹೊಳೆ ದಾಟುವ ದೋಣಿಯಲ್ಲ. ಉದ್ದನೆಯ ಮರದ ಬೊಡ್ಡೆಯ ಹೊಟ್ಟೆ ಕೊರೆದು ಮಾಡಿದ ನೀರಿನ ದಾರಿ. ಮೇಲಿನ ಒರತೆಯಿಂದ ಬೆಟ್ಟದ ಪಕ್ಕೆ ಹಿಡಿದು ಊರಿಗೆ ಬರುವ ಕಾಲುವೆಗೆ ಈ ಕೊರಕಲು ಅಡ್ಡ ಬಿದ್ದಿದೆ. ನೀರು ಅದನ್ನು ದಾಟುವುದು ದೋಣಿಯ ಮೇಲೆ. ಹಿಮ ಬೀಳುವ ಮುಂಚೆ ಬಿಚ್ಚಿ ಬಂಡೆಯ ಮರೆಗೆ ಮಲಗಿಸಬೇಕು, ಹಿಮ ಕರಗಿದ ಮೇಲೆ ಮತ್ತೆ ಕೂರಿಸಬೇಕು. ಆಚೆ ದಡದಿಂದ ಒಬ್ಬರು ಹಗ್ಗ ಹಾಕಿ ಎಳೆಯಬೇಕು, ಈಚೆಯಿಂದ ಒಬ್ಬರು ಎತ್ತಿ ತಳ್ಳಬೇಕು. ಒಂಟಿ ಜೀವಕ್ಕೆ ಆಗುವ ಕೆಲಸವಲ್ಲ. ಈಗ ಅವನಿಗೆ ಒಂದು ಏಟು ಬಿಡಬೇಕೆಂದರೂ ಅಕ್ಕ ಮೊದಲು ದೋಣಿ ಕೂರಿಸಿ, ಆಮೇಲೆ ಅದರ ಮೇಲೇ ನಡೆದು ಹೋಗಬೇಕಿತ್ತು.

"ಎಳಿಯೋ ಮೊದಲು!" ಅಂದಳು. "ಕೈ ಬಿದ್ದು ಹೋಗ್ತಿದೆ. ಮಾತಾಡೋಕೆ ಜಾಗ ಹುಡುಕ್ದ ನೋಡು, ಮಹಾರಾಯ."

ಅವನು ಎಳೆದ. ದೋಣಿ ಕಲ್ಲಿನಲ್ಲಿ ಕೊರೆದ ಕಚ್ಚಿಗೆ ಬಂದು ಕೂತಿತು. ಅಕ್ಕ ಸಂದಿಗೆ ಮಣ್ಣು ಮೆತ್ತುತ್ತ ತಲೆ ಎತ್ತದೆ ಕೇಳಿದಳು. "ಏನು ಕೆಲಸ?"

"ಕೋಲ್ಡ್ ಸ್ಟೋರೇಜಲ್ಲಿ. ಆಲೂಗೆಡ್ಡೆ ಮೂಟೆ ಒಳಗೆ ಜೋಡಿಸೋದು, ಹೊರಗೆ ತೆಗೆಯೋದು."

"ಇಲ್ಲಿ ಪುಕ್ಕಟೆ ಸಿಗೋ ಚಳೀನ ಅಲ್ಲಿ ಕೆಲಸಕ್ಕೆ ಸೇರ್ಕೊಂಡು ಅನುಭವಿಸ್ತೀಯಾ?"

ತಮ್ಮ ನಕ್ಕ. ಅಕ್ಕ ನಗಲಿಲ್ಲ. ನಗಿಸಲಿಕ್ಕೆ ಹೇಳಿದ ಮಾತು ಅದಾಗಿರಲಿಲ್ಲ.

ಊರಿನವರು ಅವಳನ್ನು ಕರೆಯುತ್ತಿದ್ದುದು ಗಂಟಲಕ್ಕ ಎಂದು. ಅವಳು ಅಂಗಳದಲ್ಲಿ ನಿಂತು ಕೋಳಿಗೆ ಬೈದರೆ ಮೇಲಿನ ಕೇರಿಯ ನಾಯಿ ಬಾಲ ಮುದುರುತ್ತಿತ್ತು. ಮದುವೆಯಾಗಿ ಕೆಳಗಿನ ಊರಿಗೆ ಹೋದವಳು ಒಂದೇ ಒಂದು ಚಳಿಗಾಲ ಅತ್ತೆಯ ಜೊತೆ ಕಾದಾಡಿ, ಹಿಮ ಕರಗುತ್ತಲೇ ಗಂಟು ಹೊತ್ತು ಹತ್ತಿ ಬಂದುಬಿಟ್ಟಳು. ಕರೆಯಲು ಬಂದ ಗಂಡನನ್ನು ಕೊರಕಲಿನ ಆಚೆಯಿಂದಲೇ ಬೈದು ಕಳಿಸಿದಳಂತೆ. ಆ ಗಂಟಲು ಊರಿಗೆ ಉಪಯೋಗಕ್ಕೆ ಬಂದದ್ದು ಅವಳ ಅಪ್ಪನ ಗಂಟಲು ಹೋದ ಮೇಲೆ.

ಅಪ್ಪ ಊರಿನ ನೀರುಗಂಟಿ. ಹರೆಯದಿಂದ ಮುದಿಪ್ರಾಯದವರೆಗೆ ಕಾಲುವೆ ಕಾಯ್ದವನು. ಹಿಂದಿನ ಚಳಿಗಾಲದಲ್ಲಿ ಮಂಜುಗಡ್ಡೆಯ ಮೇಲೆ ಜಾರಿ ಸೊಂಟ ಮುರಿದುಕೊಂಡ. ಮಲಗಿದ್ದಾಗ ಎದೆಗೆ ಕಫ ಕಟ್ಟಿತು. ಎದ್ದಾಗ ಕೋಲು ಕೈಗೆ ಬಂದಿತ್ತು, ಧ್ವನಿ ಹೊರಟು ಹೋಗಿತ್ತು. ಒಲೆಯ ಮುಂದೆ ಕೂತವನ ಮಾತು ಬಾಗಿಲಲ್ಲಿ ನಿಂತವರಿಗೆ ಕೇಳಿಸುತ್ತಿರಲಿಲ್ಲ. ಗಂಟಲಿಲ್ಲದ ನೀರುಗಂಟಿ ಎಂಥ ನೀರುಗಂಟಿ? ಯಾಕೆಂದರೆ ಆ ಊರಿನಲ್ಲಿ ನೀರನ್ನು ಕೂಗಿ ಕೊಡಬೇಕು. ಸರದಿ ಬಂದ ಮನೆಯನ್ನು ನೀರುಗಂಟಿ ಕಾಲುವೆ ತಲೆಯ ಬಂಡೆಯ ಮೇಲೆ ನಿಂತು ಕೂಗುತ್ತಾನೆ. ಆ ಮನೆಯವರು "ಬಂದೆ" ಎಂದು ಓಗೊಟ್ಟು, ಗುದ್ದಲಿ ಎತ್ತಿಕೊಂಡು ಹೊಲಕ್ಕೆ ಓಡುತ್ತಾರೆ. ಇವನು ತೂಬಿಗೆ ಅಡ್ಡ ಇಟ್ಟ ಚಪ್ಪಡಿ ತೆಗೆಯುತ್ತಾನೆ.

ಈ ಊರಿನ ಚರಿತ್ರೆಯನ್ನು ಯಾರೂ ಬರೆದಿಲ್ಲ, ಬರೆಯುವಷ್ಟು ದೊಡ್ಡದೂ ಅಲ್ಲ. ಮೊದಲು ಇಲ್ಲಿ ಬೇಸಿಗೆಗೆ ದನ ಹೊಡೆದುಕೊಂಡು ಬರುವವರನ್ನು ಬಿಟ್ಟರೆ ನರಪಿಳ್ಳೆ ಇರಲಿಲ್ಲ. ಆಮೇಲೆ ಕೆಳಗಿನ ಕಣಿವೆಯಲ್ಲಿ ಅಂಗೈಯಗಲ ಹೊಲ ಸಿಗದ ಮೂರು ಮನೆಯವರು ಹತ್ತಿ ಬಂದು, ಬಂಡೆಗೆ ಬೆಂಕಿ ಹಾಕಿ ಒಡೆದು, ಕಾಲುವೆ ತಂದರು. ನೀರು ಬಂದ ಮೇಲೆ ಜನ ಬಂದರು. ಕಲ್ಲುಗೋಡೆ ಕಟ್ಟಿ, ಮಣ್ಣು ಹೊತ್ತು ಸುರಿದು, ಬೆಟ್ಟದ ಮೈಗೆ ಮೆಟ್ಟಿಲು ಮೆಟ್ಟಿಲಾಗಿ ಹೊಲ ಅಂಟಿಸಿದರು. ಕಮ್ಮಾರ ಬಂದ, ದರ್ಜಿ ಬಂದ, ಶಾಲೆ ಬಂತು, ಮೇಷ್ಟರು ಬಂದರು. ಬಂದದ್ದೆಲ್ಲ ಬಂದ ದಾರಿಯಲ್ಲೇ ಇಳಿದು ಹೋಯಿತು. ರಸ್ತೆ ಬರುತ್ತದೆಂದು ಕಾದರು. ರಸ್ತೆ ಬೆಟ್ಟದ ಅರ್ಧಕ್ಕೆ ಬಂದು ಸುಸ್ತಾಗಿ ಕೂತಿತು. ಅಲ್ಲಿಯವರೆಗೆ ಬಂದ ಲಾರಿಗಳು ಊರಿಗೆ ಏನನ್ನೂ ತರಲಿಲ್ಲ. ಊರಿನಿಂದ ಒಂದೊಂದೇ ಮನೆ ತುಂಬಿಕೊಂಡು ಹೋದವು. ಈಗ ಹೊಗೆ ಏಳುವುದು ಮೂರೇ ಮನೆಯಲ್ಲಿ. ಇವರದೊಂದು, ದರ್ಜಿ ಗಂಡಹೆಂಡಿರದೊಂದು, ಮೇಲಿನ ಕೇರಿಯಲ್ಲಿ ಆಡಿನಮ್ಮನದೊಂದು.

ಆದರೆ ಸರದಿ ಮಾತ್ರ ಹಳೆಯದೇ. ಅಪ್ಪನ ಕಟ್ಟಪ್ಪಣೆ. ಮನೆ ಖಾಲಿಯಾಗಿದ್ದರೂ ಆ ಮನೆಯನ್ನು ಕೂಗಬೇಕು, ಉಗುಳು ನುಂಗುವಷ್ಟು ಹೊತ್ತು ಕಾಯಬೇಕು, ನೀರು ಬಿಡಬೇಕು. ಹೋದವರು ಒಂದು ದಿನ ಬಂದರೆ ನೆಲ ಸತ್ತಿರಬಾರದು.

ಅಂದು ಮಧ್ಯಾಹ್ನ ಒಲೆಯ ಸುತ್ತ ಕೂತು ಗಂಜಿ ಕುಡಿಯುವಾಗ ತಮ್ಮ ಅಪ್ಪನಿಗೂ ಹೇಳಿದ. ಹೊಲ ಪಾಲಾಗಿ ವರ್ಷಗಳಾಗಿದ್ದವು. ಅಪ್ಪನ ಪಾಲು ದೊಡ್ಡಮನೆ, ತಮ್ಮನ ಪಾಲು ಚಿಕ್ಕಮನೆ ಎಂದು ಸರದಿಯಲ್ಲಿ ಕೂಗುತ್ತಿದ್ದರು. ಒಲೆ ಮಾತ್ರ ಒಂದೇ ಉಳಿದಿತ್ತು.

ಅಪ್ಪ ಬಟ್ಟಲು ಕೆಳಗಿಟ್ಟು ಕಿವಿಯ ಹತ್ತಿರ ಕೈ ತಂದ. ಕೇಳಿಸಿತ್ತು. ಮತ್ತೊಮ್ಮೆ ಹೇಳಲಿ ಎಂದಿರಬೇಕು.

"ಹೋಗ್ತಿದ್ದೀವಿ ಮಾವ," ಎಂದಳು ತಮ್ಮನ ಹೆಂಡತಿ, ಗಂಡ ತೊದಲುವುದನ್ನು ನೋಡಲಾರದೆ. "ಮೇಷ್ಟರು ಬರೋದು ಬಿಟ್ಟು ಯಾವ ಕಾಲ ಆಯ್ತು. ಈ ಹುಡುಗಿ ದಿನಾ ಕೆಳಗಿನ ಶಾಲೆಗೆ ಇಳಿದು ಹತ್ತಿ, ಇಳಿದು ಹತ್ತಿ, ರಾತ್ರಿ ಪುಸ್ತಕದ ಮೇಲೇ ನಿದ್ದೆ ಹೋಗ್ತಾಳೆ. ಅಲ್ಲಿ ಮನೆ ಎದುರಿಗೇ ಶಾಲೆ."

"ನನ್ನ ನೆಪ ಹೇಳ್ಬೇಡಮ್ಮ," ಎಂದಳು ಮಗಳು. "ನಾನೇನು ಹತ್ತೋಕಾಗಲ್ಲ ಅಂದಿಲ್ಲ."

"ನೀ ಸುಮ್ನಿರು."

"ಎಲ್ಲಾ ನನಗೋಸ್ಕರ ಅಂತೀರ, ಮತ್ತೆ ನಾನೇ ಸುಮ್ನಿರ್ಬೇಕು."

"ಅತ್ತೆಯ ನಾಲಿಗೆ ಹಂಗೇ ಬಂದಿದೆ," ಎಂದ ತಮ್ಮ.

"ನಾಲಿಗೇನಾದ್ರೂ ಬಂತಲ್ಲ. ನಿನ್ನ ಕಾಲು ಬರದಿದ್ರೆ ಸಾಕು," ಎಂದಳು ಗಂಟಲಕ್ಕ.

ಅಪ್ಪ ಏನೋ ಅಂದ. ಎಲ್ಲರೂ ಬಾಯಿ ಮುಚ್ಚಿ ಬಗ್ಗಿದರು.

"ಸರದಿ?" ಎಂದು ಕೇಳಿದ್ದ ಮುದುಕ. ಅಷ್ಟೇ.

ತಮ್ಮನಿಗೆ ಸಿಟ್ಟು ಬಂತು. "ನೋಡಿದ್ಯಾ ಅಕ್ಕಾ? ಮಗ ಹೋಗ್ತೀನಿ ಅಂದ್ರೆ ಸರದಿ ಏನಾಗುತ್ತೆ ಅಂತ ಕೇಳ್ತಾನೆ. ಅಪ್ಪಾ, ಕಮ್ಮಾರನ ಹೊಲಕ್ಕೆ ನೀರು ಬಿಡೋದು ನಿಲ್ಸಿ ಅಂತ ಎಷ್ಟು ಸಲ ಹೇಳ್ಲಿ? ಉಳುಮೆ ಇಲ್ಲದ ಹೊಲದಲ್ಲಿ ನೀರು ಹರಿಯಲ್ಲ, ಇಂಗುತ್ತೆ. ಹೆಗ್ಗಣದ ಬಿಲ ಹಿಡ್ಕೊಂಡು ಗೋಡೆ ಬೆನ್ನಿಗೆ ಹೋಗುತ್ತೆ. ಗೋಡೆ ಆಗ್ಲೇ ಹೊಟ್ಟೆ ಬಿಟ್ಟಿದೆ. ಅದರ ಕೆಳಗಿರೋದು ನನ್ನ ಹೊಲ. ಬೀಜದ ಗೆಡ್ಡೆ ಹಾಕಿದ್ದೀನಿ ಅಲ್ಲಿ."

ಕಲ್ಲುಗೋಡೆಯ ವಿಷಯದಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಸುತ್ತಿನ ಬೆಟ್ಟದಲ್ಲಿ ಮಣ್ಣು, ಸಿಮೆಂಟು ಏನೂ ಇಲ್ಲದೆ ಬರೀ ಕಲ್ಲಿಗೆ ಕಲ್ಲು ಹಿಡಿಸುವವನು ಅವನೊಬ್ಬನೇ ಉಳಿದಿದ್ದ.

ಅಪ್ಪ ತಲೆ ಅಲ್ಲಾಡಿಸಿದ. ಗಂಟಲಕ್ಕ ಅವನ ಬಾಯಿಗೆ ಕಿವಿ ಕೊಟ್ಟು ಕೇಳಿ, ಜೋರಾಗಿ ಹೇಳಿದಳು. "ನೀರು ನಿಂತ್ರೆ ಮನೆ ಸತ್ತಿತು ಅಂತ ಅರ್ಥ, ನಾನು ಯಾರ ಮನೇನೂ ಸಾಯಿಸಲ್ಲ, ಅಂತಾನೆ."

"ಅವನಂತಾನೆ. ನೀನೇನಂತೀಯ?"

ಗಂಟಲಕ್ಕ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ತೊಳೆಯಲು ಎತ್ತಿಕೊಂಡು ಹೋದಳು.

ಅವಳು ಕೂಗುತ್ತಲೇ ಇದ್ದಳು. ಬೆಳಿಗ್ಗೆ ಹಾಲು ಕರೆದು, ಸಗಣಿ ಬಾಚಿ, ಬಂಡೆ ಹತ್ತಿ ನಿಲ್ಲುವಳು. "ದರ್ಜೀ ಮನೇ... ನೀರೂ..." ಎಂದರೆ ದರ್ಜಿಯ ಹೆಂಡತಿ ಕಿಟಕಿಯಿಂದ "ಬಂದೇ" ಎನ್ನುವಳು, ಮುದುಕ ಅಳತೆಪಟ್ಟಿ ಕತ್ತಿನಲ್ಲೇ ಇಟ್ಟುಕೊಂಡು ಹೊಲಕ್ಕೆ ಓಡುವನು. "ಆಡಿನಮ್ಮಾ..." ಎಂದರೆ "ಕಿವುಡಿಯಲ್ಲ ಕಣೇ ನಾನು, ಮೆಲ್ಲಗೆ ಬೊಗಳು" ಎಂದು ಉತ್ತರ ಬರುವುದು. ಚಿಕ್ಕಮನೆಯನ್ನು ಕೂಗಿದರೆ ತಮ್ಮನ ಮಗಳು ಅತ್ತೆಯನ್ನು ಮೀರಿಸುವಂತೆ "ಬಂದೇ..." ಎಂದು ಎಳೆಯುವಳು. ಎದುರು ಬೆಟ್ಟ ಅದನ್ನು ಹಿಂದಕ್ಕೆ ಕಳಿಸುವುದು. ಆಮೇಲೆ ಸಾಲಾಗಿ ಓಗೊಡದ ಮನೆಗಳು. ಜೇನಿನವನ ಮನೆ. ಅಣ್ಣತಮ್ಮಂದಿರ ಮನೆ. ಕುಂಟಜ್ಜನ ಮನೆ. ಮೇಷ್ಟರ ಮನೆ. ಕಮ್ಮಾರನ ಮನೆ, ಅದರ ಮಾಡಿನ ಮೇಲೆ ಗಿಡ ಬೆಳೆದು, ಗಿಡದಲ್ಲಿ ಹಕ್ಕಿ ಗೂಡು ಕಟ್ಟಿ, ಆ ಗೂಡೂ ಹಳತಾಗಿತ್ತು. ಒಂದೊಂದನ್ನೂ ಕೂಗಿ, ಕಾದು, ಚಪ್ಪಡಿ ಎತ್ತುವಾಗ ಅವಳಿಗೆ ತಾನೇ ಹುಚ್ಚಿಯೇನೋ ಅನ್ನಿಸುತ್ತಿತ್ತು. ಆದರೂ ಅಪ್ಪ ಅಂಗಳದಲ್ಲಿ ಕೂತು ಒಂದೊಂದು ಕೂಗಿಗೂ ತಲೆಯಾಡಿಸುತ್ತಿದ್ದುದು ಮೇಲಿನಿಂದ ಕಾಣಿಸುತ್ತಿತ್ತು.

ಗೋಡೆ ಬಿದ್ದದ್ದು ಅಡುಗೆಯ ಹೊತ್ತಿಗೆ.

ಆ ಊರಿನಲ್ಲಿ ಫೋನಿಗೆ ಸಿಗ್ನಲ್ ಸಿಗುವುದು ಒಂದೇ ಮೂಲೆಯಲ್ಲಿ, ಕಮ್ಮಾರನ ಗೋಡೆಯ ಬುಡದಲ್ಲಿ. ಮಗಳು ಅಲ್ಲಿ ಕಲ್ಲಿನ ಮೇಲೆ ಕೂತು ಗೆಳತಿಯ ಹತ್ತಿರ ಪಾಠ ಕೇಳುತ್ತಿದ್ದಳು. ಅವಳಮ್ಮ ಬಾಗಿಲಿಗೆ ಬಂದು, "ಹಿಟ್ಟು ಯಾರು ಕಲಸ್ತಾರೆ, ನಿಮ್ಮ ಮೇಷ್ಟರಾ?" ಎಂದು ಒದರಿದಳು. ಮಗಳು ಗೊಣಗುತ್ತ ಬಂದು ಹಿಟ್ಟಿಗೆ ಕೈ ಹಾಕಿದಳು. ಬೆರಳಿಗೆ ಹಿಟ್ಟು ಅಂಟುವಷ್ಟರಲ್ಲಿ ಹೊರಗೆ ಬಂಡಿಗಟ್ಟಲೆ ಜಲ್ಲಿ ಸುರಿದಂತೆ ಸದ್ದಾಯಿತು.

ಹೊರಗೆ ಬಂದು ನೋಡಿದರೆ ಕಮ್ಮಾರನ ಹೊಲ ಅರ್ಧ ಇರಲಿಲ್ಲ. ಅದು ಕೆಸರಾಗಿ ಕೆಳಗೆ ಇಳಿದು ತಮ್ಮನ ಹೊಲದ ಮೇಲೆ ಮಲಗಿತ್ತು. ಆಗ ತಾನೇ ಚಿಗುರೊಡೆದಿದ್ದ ಸಾಲುಗಳ ಮೇಲೆ ಗೋಡೆಗಲ್ಲುಗಳು ಉರುಳಿದ್ದವು. ಮಗಳು ಕೂರುತ್ತಿದ್ದ ಕಲ್ಲು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮೇಲೆ ತೂಬಿನಿಂದ ಕಮ್ಮಾರನ ಸರದಿಯ ನೀರು ತನ್ನ ಪಾಡಿಗೆ ತಾನು ಹರಿದು ಬರುತ್ತಿತ್ತು.

ತಮ್ಮನ ಹೆಂಡತಿ ಮಗಳನ್ನು ಹಿಡಿದುಕೊಂಡು ನೆಲಕ್ಕೆ ಕುಸಿದಳು. ಹಿಡಿದುಕೊಂಡೇ ಬೆನ್ನಿಗೆ ಗುದ್ದತೊಡಗಿದಳು. ಮಗಳು, "ನಾನೇನ್ ಮಾಡ್ದೆ, ನಾನೇನ್ ಮಾಡ್ದೆ" ಎಂದು ಅತ್ತಳು.

ತಮ್ಮ ಓಡಿ ಹೋಗಿ ತೂಬು ಮುಚ್ಚಿ ಬಂದ. ಮೊಣಕಾಲವರೆಗೆ ಕೆಸರು. ಅಕ್ಕನ ಎದುರು ನಿಂತ.

"ಇವತ್ತು ಕೂಗಿದ್ದು ಯಾರು?"

"ನಾನೇ."

"ನೀರು ಬಿಟ್ಟಿದ್ದು?"

"ನಾನೇ ಕಣೋ. ಇಲ್ಲಿ ಬೇರೆ ಯಾರಿದ್ದಾರೆ?"

"ಗೋಡೆ ಹೊಟ್ಟೆ ಬಿಟ್ಟಿದೆ ಅಂತ ನಾನು ಹೇಳಿರ್ಲಿಲ್ವಾ?"

"ಹೇಳಿದ್ದೆ."

"ಅವನು ಮುದುಕ, ಬಿಡು. ನಿನಗೇನಾಗಿತ್ತು? ನಿನ್ನ ನಿಯತ್ತು ನನ್ನ ಮಗಳನ್ನ ಹೂಳ್ತಿತ್ತಲ್ಲೇ!"

ಗಂಟಲಕ್ಕ ಅಂಗಳದ ಕಡೆ ತಿರುಗಿದಳು. ಅಪ್ಪ ಕೋಲು ಊರಿ ನಿಂತಿದ್ದ. ಅವನ ತುಟಿ ಅಲ್ಲಾಡುತ್ತಿತ್ತು. ಈ ಸಲ ಯಾರೂ ಬಗ್ಗಿ ಕಿವಿ ಕೊಡಲಿಲ್ಲ.

"ಇನ್ಮೇಲೆ ಓಗೊಟ್ಟ ಮನೆಗೆ ನೀರು," ಎಂದಳು ಅವಳು. ದರ್ಜಿಯೂ ಆಡಿನಮ್ಮನೂ ಓಡಿ ಬಂದು ಬೇಲಿಯ ಹತ್ತಿರ ನಿಂತಿದ್ದರು. ಅವರಿಗೂ ಕೇಳುವಂತೆ ಇನ್ನೊಮ್ಮೆ ಹೇಳಿದಳು. "ಕೂಗ್ತೀನಿ. ಓಗೊಟ್ಟು, ಗುದ್ದಲಿ ಹಿಡಿದು ಹೊಲದಲ್ಲಿ ನಿಂತವರಿಗೆ ನೀರು. ಇಲ್ದಿದ್ರೆ ಇಲ್ಲ. ಯಾರಾದ್ರೂ ಆಗ್ಲಿ."

"ಯಾರಾದ್ರೂ?" ಎಂದಳು ಆಡಿನಮ್ಮ. ಅವಳ ಕಣ್ಣು ತಮ್ಮನ ಮೇಲಿತ್ತು. ಕೆಳಗೆ ಹೋಗುವ ಸುದ್ದಿ ಅವಳಿಗೆ ಗೊತ್ತಿತ್ತು. ಊರಿನಲ್ಲಿ ಇರುವ ಮೂರು ಮನೆಗೆ ಸುದ್ದಿ ಹರಡಲು ಎಷ್ಟು ಹೊತ್ತು?

"ಯಾರಾದ್ರೂ ಅಂದ್ನಲ್ಲ. ಕಿವುಡಿಯೇನೇ?"

ಮುಂದಿನ ವಾರಗಳಲ್ಲಿ ಆ ಮನೆಯಲ್ಲಿ ಮಾತಿಗಿಂತ ಕೆಲಸ ಹೆಚ್ಚು ನಡೆಯಿತು. ತಮ್ಮ ಕೋಲ್ಡ್ ಸ್ಟೋರೇಜಿನವರಿಗೆ ಹೇಳಿ ಕಳಿಸಿದ, ಬರುವುದು ತಡವಾಗುತ್ತದೆ ಎಂದು. ಬಿದ್ದ ಗೋಡೆಯನ್ನು ಹಾಗೇ ಬಿಟ್ಟು ಹೋಗಲು ಅವನ ಕೈ ಒಪ್ಪಲಿಲ್ಲ. ಯಾರೂ ಹೇಳಲಿಲ್ಲ, ಅವನೂ ಹೇಳಿಕೊಳ್ಳಲಿಲ್ಲ. ಬೆಳಿಗ್ಗೆ ಎದ್ದು ಹೋಗಿ ಕಲ್ಲು ಆರಿಸಿ ಗುಡ್ಡೆ ಹಾಕುತ್ತಿದ್ದ. ಬುಡದ ಕಲ್ಲು ಬೇರೆ, ಮುಖದ ಕಲ್ಲು ಬೇರೆ, ಸಂದಿಗೆ ತುಂಬುವ ಚೂರು ಬೇರೆ. ಅಕ್ಕ ಕೆಸರನ್ನು ಬುಟ್ಟಿಗೆ ತುಂಬಿ ಮೇಲೆ ಹೊತ್ತಳು. ಕೆಳಗೆ ಬಿದ್ದ ಮಣ್ಣನ್ನು ಮತ್ತೆ ಮೇಲೆ ಹೊರುವುದು, ಅವಳ ಮುತ್ತಜ್ಜಿ ಮಾಡಿದ್ದೇ ಕೆಲಸ. ತಮ್ಮನ ಹೆಂಡತಿಯೂ ಸೆರಗು ಬಿಗಿದು ಬುಟ್ಟಿ ಎತ್ತಿದಳು.

"ನೀನ್ಯಾಕೆ? ಹೋಗೋವ್ಳು," ಎಂದಳು ಗಂಟಲಕ್ಕ.

"ಹೋಗೋವರ್ಗೂ ಇರ್ತೀನಲ್ಲ ಅತ್ತಿಗೆ."

"ಬುಟ್ಟೀಲಿ ಅಷ್ಟು ತುಂಬ್ಬೇಡ. ಸೊಂಟ ಹಿಡಿಯುತ್ತೆ."

ಅಷ್ಟು ಸಲಿಗೆಯ ಮಾತು ಅವರಿಬ್ಬರ ನಡುವೆ ಬಂದದ್ದು ಅಪರೂಪ. ಹೋಗುವ ಕಾಲಕ್ಕೆ ಬಂತು.

ಅಪ್ಪ ಮಾತ್ರ ಮೌನವಾಗಿಬಿಟ್ಟ. ಅವನದು ಮೊದಲೇ ಕೇಳಿಸದ ಮಾತು, ಈಗ ತುಟಿಯೂ ಅಲ್ಲಾಡುತ್ತಿರಲಿಲ್ಲ. ಅಕ್ಕ ಬಂಡೆಯ ಮೇಲಿನಿಂದ ಕೂಗುತ್ತಿದ್ದಳು. "ಜೇನಿನವನ ಮನೇ..." ಓಗೊಡುವವರಿಲ್ಲ. ಚಪ್ಪಡಿಯ ಸುತ್ತ ಮಣ್ಣು ಮೆತ್ತಿ, ಅಂಗೈಯಿಂದ ತಟ್ಟಿ, ಮುಂದಿನ ಮನೆ ಕೂಗುತ್ತಿದ್ದಳು. ಒಂದೊಂದು ತೂಬು ಮುಚ್ಚಿದಾಗಲೂ ಕಾಲುವೆಯಲ್ಲಿ ನೀರು ಹೆಚ್ಚಾಗುತ್ತಿತ್ತು. ದರ್ಜಿಯ ಕಾಳಿನ ಹೊಲ ಹಿಂದೆಂದೂ ಕಾಣದ ಹಸಿರಾಯಿತು. ಆದರೆ ದರ್ಜಿ ಅದನ್ನು ನೋಡಿ ನಗಲಿಲ್ಲ. "ಕುಂಟಜ್ಜನ ನೀರು ಕುಡಿದು ಬೆಳೀತಿದೆ, ತಿನ್ನೋಕೆ ಮನಸ್ಸು ಬರ್ಬೇಕಲ್ಲ," ಎಂದ.

"ಮನಸ್ಸು ಬರದಿದ್ರೆ ನಂಗೆ ಕೊಡು, ನನ್ನ ಆಡು ತಿಂತವೆ," ಎಂದಳು ಆಡಿನಮ್ಮ. ಆಮೇಲೆ ಗಂಟಲಕ್ಕನ ಕಡೆ ತಿರುಗಿ, "ಬೇರೆಯವರ ತೂಬಿಗೆ ಮಣ್ಣು ಮೆತ್ತೋದು ಸುಲಭ ಕಣೇ. ನಿನ್ನ ತಮ್ಮನ ಸರದಿ ಬರಲಿ, ನೋಡೋಣ," ಎಂದಳು.

ಗಂಟಲಕ್ಕ ಕೆಸರಿನ ಬುಟ್ಟಿ ಎತ್ತಿ ತಲೆಗೇರಿಸಿದಳು.

ಗೋಡೆ ಎದ್ದಿತು. ಹಳೆಯದಕ್ಕಿಂತ ಚೆನ್ನಾಗಿತ್ತು, ಬುಡದಲ್ಲಿ ನೀರು ಬಸಿಯಲು ಕಿಂಡಿ ಬಿಟ್ಟಿದ್ದ. ಕೆಸರು ತೆಗೆದ ಹೊಲದಲ್ಲಿ ತಮ್ಮ, ಉಳಿದಿದ್ದ ಬೀಜದ ಗೆಡ್ಡೆಗಳನ್ನು ಕೊಯ್ದು ನೆಟ್ಟ. ಬೂದಿ ಹಚ್ಚಿದ ಹೋಳುಗಳನ್ನು ಮಗಳು ಕೈಗೆ ಕೊಡುತ್ತಿದ್ದಳು. ಹೋಗುವವನು ಯಾಕೆ ನೆಡುತ್ತಿದ್ದಾನೆ ಎಂದು ಅಕ್ಕ ಕೇಳಲಿಲ್ಲ. ಅವಳಿಗೆ ಗೊತ್ತಿತ್ತು, ಹೋಗುವಾಗ ನೀರು ಕೇಳುವ ಸರದಿ ಅವನದೇ ಎಂದು.

ಹೋಗುವ ದಿನ ಅಡುಗೆಮನೆಯಲ್ಲಿ ಪಾತ್ರೆ ಪಾಲಾಯಿತು. ಮುಚ್ಚಳ ಯಾವುದಕ್ಕೆ ಯಾವುದು ಎಂದು ಹುಡುಕಾಟ. ದೊಡ್ಡ ಕಡಾಯಿ ಎತ್ತಿ ತಮ್ಮನ ಹೆಂಡತಿಯ ಮೂಟೆಗೆ ಇಟ್ಟಳು ಗಂಟಲಕ್ಕ.

"ಇದು ನಿಮ್ಮದು ಅತ್ತಿಗೆ."

"ಇಬ್ಬರಿಗೆ ಬೇಯಿಸೋಕೆ ಇಷ್ಟು ದೊಡ್ಡದು ತಳ ಕಾಯೋವಷ್ಟರಲ್ಲಿ ಕಟ್ಟಿಗೆ ಮುಗಿಯುತ್ತೆ. ತಗೊಂಡು ಹೋಗು."

ಮಗಳು ತಾತನ ಕಾಲ ಬಳಿ ಕೂತು ಅವನ ಕೋಲಿನ ತುದಿಗೆ ಹಳೆಯ ಟೈರಿನ ತುಂಡು ಕಟ್ಟುತ್ತಿದ್ದಳು. "ಜಾರಬಾರ್ದು ಅಂತ. ತಾತ, ಫೋನ್ ಮಾಡ್ತೀನಿ."

"ಎಲ್ಲಿಗೆ ಮಾಡ್ತೀಯ? ಸಿಗ್ನಲ್ ಸಿಗೋ ಕಲ್ಲು ಹೂತು ಹೋಯ್ತಲ್ಲ," ಎಂದಳು ಅತ್ತೆ.

"ಅಪ್ಪ ಹೊಸ ಕಲ್ಲು ಇಟ್ಟಿದ್ದಾರೆ. ನಾನೇ ಇಡಿಸ್ದೆ. ಹೋಗಿ ನೋಡು."

ರಸ್ತೆಯ ತುದಿಯಲ್ಲಿ ಲಾರಿ ಕಾಯುತ್ತಿತ್ತು. ಅಲ್ಲಿಯವರೆಗೆ ಮೂಟೆ ಹೊತ್ತು ಇಳಿಸಿದರು. ಕೊನೆಯ ಮೂಟೆ ಹೆಗಲಿಗೇರಿಸುವಾಗ ತಮ್ಮ ಕೆಮ್ಮಿದ.

"ಅಕ್ಕಾ, ಗೆಡ್ಡೆ ಹಾಕಿದ್ದೀನಿ."

"ಕಣ್ಣಿದೆ ನಂಗೆ."

"ಕೀಳೋಕೆ ಬರ್ತೀನಿ. ದೋಣಿ ಬಿಚ್ಚೋಕೂ ಬರ್ತೀನಿ."

"ಹಿಮ ನಿನ್ನ ರಜೆ ಕೇಳ್ಕೊಂಡು ಬೀಳುತ್ತಾ?"

"ಬರ್ತೀನಿ ಅಂದ್ನಲ್ಲ! ಅಲ್ಲೀವರೆಗೆ..." ಅವನು ಕಾಲಿನಿಂದ ಒಂದು ಬೆಣಚುಕಲ್ಲನ್ನು ತಳ್ಳಿದ. "ನನ್ನ ಸರದಿ ನಿಲ್ಲಿಸ್ಬೇಡ."

ಅಕ್ಕನಿಗೆ ಒಂದೇ ಸಲ ನಗುವೂ ಬಂತು, ರೇಗಿಯೂ ಹೋಯಿತು. ಕಮ್ಮಾರನೂ ಹೋಗುವಾಗ ಇದೇ ಜಾಗದಲ್ಲಿ ನಿಂತು ಇದೇ ಮಾತು ಹೇಳಿದ್ದ. ಜೇನಿನವನೂ ಹೇಳಿದ್ದ. ಅಪ್ಪ ಎಲ್ಲರಿಗೂ ಹೂಂ ಅಂದಿದ್ದ.

"ಬಂದು ಓಗೊಡು," ಎಂದಳು. "ಕೊಡ್ತೀನಿ."

ತಮ್ಮನ ಮುಖ ಕಪ್ಪಿಟ್ಟಿತು. "ಹಂಗೋ?"

"ಹಂಗೇ. ನಿನ್ನ ಮಗಳು ಹೂತು ಹೋಗ್ತಿದ್ಳಲ್ಲ, ಅವತ್ತಿಂದ ಹಂಗೇ."

ಅವನು ಮೂಟೆ ಎತ್ತಿ ಲಾರಿಗೆ ಎಸೆದ. ಲಾರಿ ತಿರುವು ದಾಟುವವರೆಗೆ ಮಗಳು ಕೈ ಬೀಸುತ್ತಿದ್ದಳು. ಅವನು ತಿರುಗಿ ನೋಡಲಿಲ್ಲ. ಗಂಟಲಕ್ಕ ಬರಿಗೈಯಲ್ಲಿ ಹತ್ತಿ ಬಂದಳು. ಬರಿಗೈಯಲ್ಲಿ ಆ ದಾರಿ ಹತ್ತುವುದು ಅವಳಿಗೆ ಅಭ್ಯಾಸವಿರಲಿಲ್ಲ, ಕೈ ಎಲ್ಲಿಡಬೇಕೋ ತಿಳಿಯಲಿಲ್ಲ.

ಮನೆಗೆ ಬಂದು ಗಂಜಿ ಬೇಯಿಸಿದಳು. ಕೈ ಲೆಕ್ಕ ತಪ್ಪಿ ಐದು ಜನರಿಗಾಗುವಷ್ಟು ಬೆಂದಿತು. ಮಿಕ್ಕಿದ್ದನ್ನು ಕರುವಿಗೆ ಹಾಕಿದಳು. ಮಾರನೆಯ ದಿನವೂ ಹಾಗೇ ಆಯಿತು. ಕರುವಿಗೆ ಅದು ಚೆನ್ನಾಗಿ ಒಗ್ಗಿತು.

ಅಪ್ಪನೂ ಅವಳೂ ಒಲೆಯ ಆಚೆ ಈಚೆ ಕೂತು ಉಣ್ಣುತ್ತಿದ್ದರು. ಅವಳು ಕೇಳುವಳು, ಅವನು ತಲೆಯಾಡಿಸುವನು. ಬೈಯಲು ಸಹ ಯಾರೂ ಇರಲಿಲ್ಲ. ಒಂದು ದಿನ ಸುಮ್ಮನೆ ಕೋಳಿಗೆ ಬೈದಳು. ಸದ್ದು ಗೋಡೆಗೆ ತಾಗಿ ಹಿಂದಕ್ಕೆ ಬಂದದ್ದು ಕೇಳಿ ತನಗೇ ನಾಚಿಕೆಯಾಯಿತು.

ಚಿಕ್ಕಮನೆಯ ಸರದಿ ಬಂತು.

ಬೆಳಿಗ್ಗೆಯೇ ಬಿಸಿಲು ಚುರುಕಾಗಿತ್ತು. ಹೊಲದಲ್ಲಿ ಗೆಡ್ಡೆ ಮೊಳೆತು ಎರಡೆರಡು ಎಲೆ ತೋರಿಸಿದ್ದವು. ತುದಿ ಬಾಡಿತ್ತು. ಆಡಿನಮ್ಮ ಆಡುಗಳನ್ನು ಬೇಕೆಂದೇ ಬಂಡೆಯ ಮೇಲಿನ ಇಳಿಜಾರಿಗೆ ಹೊಡೆದುಕೊಂಡು ಬಂದಿದ್ದಳು. ದರ್ಜಿ ಕಿಟಕಿಯಲ್ಲಿ ಸೂಜಿಗೆ ದಾರ ಪೋಣಿಸುವವನಂತೆ ಕೂತಿದ್ದ. ಗಂಟಲಕ್ಕ ಯಾರನ್ನೂ ನೋಡದೆ ಬಂಡೆ ಹತ್ತಿದಳು.

"ಚಿಕ್ಕಮನೇ... ನೀರೂ..."

ಎದುರು ಬೆಟ್ಟ ಅದನ್ನೇ ಹಿಂದಕ್ಕೆ ಕಳಿಸಿತು. ಆ ಸದ್ದಿನ ಹಿಂದೆಯೇ ಎಳೆ ದನಿಯೊಂದು ಏಳಬೇಕಿತ್ತು. ಏಳಲಿಲ್ಲ. ಅವಳು ಉಗುಳು ನುಂಗಿದಳು. ಕೂಗುವುದು ಒಂದೇ ಸಲ, ಎರಡನೆಯ ಸಲ ಯಾರನ್ನೂ ಕೂಗಿದ್ದಿಲ್ಲ. ಕೆಳಗಿಳಿದಳು. ತಮ್ಮನ ತೂಬಿನ ಚಪ್ಪಡಿಯ ಸುತ್ತ ಮಣ್ಣು ಮೆತ್ತಿದಳು. ಅಂಗೈಯಿಂದ ತಟ್ಟಿದಳು. ಬೇರೆ ತೂಬುಗಳಿಗಿಂತ ಗಟ್ಟಿಯಾಗಿ ತಟ್ಟಿದಳು.

ಮೇಲೆ ಆಡಿನಮ್ಮ ಆಡುಗಳ ಕಡೆ ತಿರುಗಿದಳು. ಅವಳಿಂದ ಬರುವ ಬೈಗುಳಕ್ಕೆ ಉತ್ತರವನ್ನೂ ಇಟ್ಟುಕೊಂಡಿದ್ದ ಗಂಟಲಕ್ಕ, ಅದನ್ನು ನುಂಗಿಕೊಂಡು ಮನೆಗೆ ಬಂದಳು.

ಅಪ್ಪ ಅಂಗಳದಲ್ಲಿ ಕೂತಿರಲಿಲ್ಲ. ಅಂಗಳ ದಾಟಿ, ಬೇಲಿಯ ದಣಪೆ ದಾಟಿ, ಹೊಲದ ದಾರಿಯಲ್ಲಿ ನಿಂತಿದ್ದ. ಒಂದು ಕೈಯಲ್ಲಿ ಟೈರು ಕಟ್ಟಿದ ಕೋಲು. ಇನ್ನೊಂದು ಕೈಯಲ್ಲಿ ಗುದ್ದಲಿ. ಗುದ್ದಲಿಯ ಭಾರಕ್ಕೆ ಮೈ ಒಂದು ಕಡೆಗೆ ವಾಲಿತ್ತು.

"ಎಲ್ಲಿಗೆ ಹೊರಟೆ? ಮತ್ತೆ ಬಿದ್ದು ಸೊಂಟ ಮುರ್ಕೋಬೇಕಾ? ಇನ್ನೊಂದು ಸೊಂಟ ಎಲ್ಲಿಂದ ತರ್ಲಿ?"

ಅವನ ತುಟಿ ಅಲ್ಲಾಡಿತು. ಎಷ್ಟೋ ವಾರಗಳ ಮೇಲೆ ಅವಳು ಬಗ್ಗಿ ಕಿವಿ ಕೊಟ್ಟಳು.

"ನೀರು ಯಾಕೆ ಬರ್ಲಿಲ್ಲ?" ಎಂದ ಅಪ್ಪ. "ನಾನು ಓಗೊಟ್ಟೆನಲ್ಲ."

ಅವಳು ಅವನ ಮುಖ ನೋಡಿದಳು. ಮುದುಕ ಸುಳ್ಳು ಹೇಳುತ್ತಿರಲಿಲ್ಲ. ಕತ್ತಿನ ನರ ಉಬ್ಬಿ ಇನ್ನೂ ಇಳಿದಿರಲಿಲ್ಲ, ಕಣ್ಣಿನಲ್ಲಿ ನೀರು ತುಂಬಿತ್ತು. ಇದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದ್ದ. ಅದು ದಣಪೆಯನ್ನೂ ದಾಟಿರಲಿಲ್ಲ.

"ಅಷ್ಟು ಮೆಲ್ಲಗೆ ಓಗೊಟ್ರೆ ಯಾರಿಗೆ ಕೇಳಿಸುತ್ತೆ?" ಎಂದು ಗದರಿದಳು. ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡಳು. "ಕೂತ್ಕೋ. ಅಲ್ಲಾಡಿದ್ರೆ ನೋಡು."

ಹೋಗಿ, ಈಗ ತಾನೇ ತಟ್ಟಿದ್ದ ಮಣ್ಣನ್ನು ಉಗುರಿನಿಂದ ಕೆರೆದು ತೆಗೆದು, ಚಪ್ಪಡಿ ಎತ್ತಿದಳು. ನೀರು ನುಗ್ಗಿತು. ಅದರ ಹಿಂದೆ ತಾನೂ ಓಡಿ ತಮ್ಮನ ಹೊಲಕ್ಕೆ ಬಂದು ಮೊದಲ ಸಾಲಿನ ಬಾಯಿ ಬಿಡಿಸಿದಳು.

"ಓಗೊಟ್ಟಿದ್ದು ಯಾರೇ?" ಎಂದು ಆಡಿನಮ್ಮ ಇಳಿಜಾರಿನಿಂದ ಕೂಗಿದಳು.

"ಅಪ್ಪ!"

"ನಂಗೆ ಕೇಳಿಸ್ಲಿಲ್ಲ!"

"ನಂಗೂ ಕೇಳಿಸ್ಲಿಲ್ಲ ಕಣೇ!"

ಒಂದು ಆಡು ಕೆಮ್ಮಿತು. "ಗೋಡೆ ಕಡೆ ಹೋಗದ ಹಾಗೆ ತಿರುಗಿಸ್ಕೋ," ಎಂದಳು ಆಡಿನಮ್ಮ ಕೊನೆಗೆ, ಮತ್ತು ಆಡುಗಳನ್ನು ಹೊಡೆದುಕೊಂಡು ಮೇಲೆ ಹೋದಳು.

ನೀರು ಸಾಲಿನಿಂದ ಸಾಲಿಗೆ ತಿರುಗುತ್ತಿತ್ತು. ಗಂಟಲಕ್ಕ ಬಗ್ಗಿ ಮಣ್ಣು ಎಳೆದು, ಮುಚ್ಚಿ, ಬಿಡಿಸಿ, ಒಮ್ಮೆ ಬೆನ್ನು ನೆಟ್ಟಗೆ ಮಾಡಿದಳು. ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಒಣಗುತ್ತಿದ್ದ ಹೊಲಗಳು. ಕೆಳಗೆ ದಾರಿಯಲ್ಲಿ ಅಪ್ಪ ಕಲ್ಲಿನ ಮೇಲೆ ಕೂತು, ಕಿವಿಯ ಹತ್ತಿರ ಕೈ ಇಟ್ಟುಕೊಂಡು, ಈ ಕಡೆಗೇ ಮುಖ ಮಾಡಿದ್ದ. ಅಷ್ಟು ದೂರಕ್ಕೆ ಅವನಿಗೆ ನೀರಿನ ಸದ್ದು ಕೇಳಿಸುವ ಹಾಗಿರಲಿಲ್ಲ.

ಅವಳು ಗುದ್ದಲಿ ನೆಲಕ್ಕೆ ಊರಿದಳು. ಕೆಸರು ಕೈಗಳನ್ನು ಬಾಯಿಯ ಎರಡೂ ಕಡೆ ಇಟ್ಟುಕೊಂಡಳು.

"ಬಂದೇ..."

ಕೂಗಿದವರು ಯಾರೂ ಇರಲಿಲ್ಲ. ಓಗೊಟ್ಟ ದನಿ ಖಾಲಿ ಹೊಲಗಳ ಮೇಲೆ ಇಳಿದು, ಎದುರು ಬೆಟ್ಟಕ್ಕೆ ತಾಗಿ, ತಿರುಗಿ ಬಂತು. ಅಪ್ಪ ಕೇಳಿಸಿತೆಂದು ಕೋಲು ಎತ್ತಿ ತೋರಿಸಿದ.

ಅವಳು ಮತ್ತೆ ಬಗ್ಗಿದಳು. ನೀರು ಆಗಲೇ ಮುಂದಿನ ಸಾಲು ತುಂಬಿ ಕಾಯುತ್ತಿತ್ತು.